ಹೊಲಿಗೆ ಪುಸ್ತಕವನ್ನು ಇ-ಬುಕ್ ಮಾಡಿ ನಾನೇ ಮಾರಬೇಕು, ಎಲ್ಲಿಂದ ಶುರು ಮಾಡಲಿ?

ಹೊಲಿಗೆ ಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ಮನೆಯಲ್ಲೇ ಹೊಲಿಗೆ ಕ್ಲಾಸ್ ನಡೆಸುತ್ತೇನೆ. ಬ್ಲೌಸ್ ಕಟಿಂಗ್ ಕಲಿಯಲು ಬರುವವರಿಗೆ ಬರೆದುಕೊಟ್ಟ ನೋಟ್ಸ್ ಸೇರಿ ಸೇರಿ ಈಗ ಒಂದು ಪುಸ್ತಕದಷ್ಟಾಗಿದೆ. ಅಳತೆ ತೆಗೆಯುವುದು, ಸಾದಾ ಬ್ಲೌಸ್, ಕಟೋರಿ, ಪ್ರಿನ್ಸೆಸ್ ಕಟ್, ಲೈನಿಂಗ್, ತೋಳು ಕೂರಿಸುವುದು ಎಲ್ಲಾ ಇದೆ. ಪೇಪರ್ ಕಟಿಂಗ್ ಚಿತ್ರಗಳೇ ಅರ್ಧ.

ಪ್ರೆಸ್‌ನವರನ್ನು ಕೇಳಿದೆ. ಕಮ್ಮಿ ಅಂದರೂ 500 ಪ್ರತಿ ಹಾಕಿಸಿ, ಇಲ್ಲಾಂದ್ರೆ ರೇಟ್ ಗಿಟ್ಟಲ್ಲ ಅಂದರು. ಅಷ್ಟನ್ನು ಮಂಚದ ಕೆಳಗೆ ಪೇರಿಸಿಕೊಂಡು ಕೂರಲು ನನಗಿಷ್ಟವಿಲ್ಲ. ಅದಕ್ಕೆ ಇ-ಬುಕ್ ಮಾಡಿ ನಾನೇ ಮಾರೋಣ ಅಂತ. ಕಂಪನಿ, ಆಫೀಸು, ಕೆಲಸದವರು ಯಾರೂ ಇಲ್ಲ. ನಾನೊಬ್ಬಳೇ.

ನನ್ನ ಪ್ರಶ್ನೆಗಳು: ಎಲ್ಲಿ ಹಾಕಬೇಕು? ಎಷ್ಟು ರೇಟ್ ಇಡಬೇಕು? ಜಿಎಸ್‌ಟಿ ಕಟ್ಟಬೇಕಾ? ಒಬ್ಬರು ತಗೊಂಡು ನೂರು ಜನಕ್ಕೆ ಫಾರ್ವರ್ಡ್ ಮಾಡಿದರೆ ಏನು ಮಾಡೋದು? ಟೈಪಿಂಗ್ ಆಗಿದೆ. ಡಿಟಿಪಿ ಅಂಗಡಿಯವರು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟಿದ್ದಾರೆ.

ಹರಿಹರದ ಹುಡುಗ

ಅಕ್ಕ, ಸುಮ್ನೆ ಯೋಚನೆ ಮಾಡಬೇಡಿ. ಅಮೆಜಾನ್‌ನವರ ಇ-ಬುಕ್ ಅಂಗಡಿ ಕಿಂಡಲ್‌ಗೆ ಹಾಕಿ. ಖರ್ಚಿಲ್ಲ, 70% ರಾಯಲ್ಟಿ, ಡಾಲರ್‌ನಲ್ಲಿ ದುಡ್ಡು. ಯೂಟ್ಯೂಬ್ ತುಂಬಾ ಇದೇ ವಿಡಿಯೋ. ನಾವು ನಿದ್ದೆ ಮಾಡ್ತಿದ್ದರೂ ಪುಸ್ತಕ ಮಾರಾಟ ಆಗ್ತಾನೇ ಇರುತ್ತೆ.

ಅಕ್ಷರ ಜೋಡಣೆ, ಚಿತ್ರದುರ್ಗ

ತಮ್ಮಾ, ಆ ವಿಡಿಯೋ ಮಾಡುವವರು ಇಂಗ್ಲಿಷ್ ಪುಸ್ತಕದ ಮಾತಾಡುತ್ತಿರುತ್ತಾರೆ. ಅದಕ್ಕೆ ಬೇರೆಯವರು ಉತ್ತರ ಕೊಡಲಿ. ನಾನು ಡಿಟಿಪಿಯವನು, ನನ್ನ ಕಣ್ಣು ಹೋಗಿದ್ದು ಕೊನೇ ಸಾಲಿನ ಮೇಲೆ. ನುಡಿ.

ಅಕ್ಕ, ಎಲ್ಲಿ ಮಾರೋದು ಅನ್ನೋದು ಆಮೇಲೆ. ನಿಮ್ಮ ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವೇ ಕಂಡರೆ ಅದು ಯೂನಿಕೋಡ್ (ಎಲ್ಲಾ ಫೋನು, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಪದ್ಧತಿ), ನೀವು ಅರ್ಧ ದಾರಿ ಬಂದ ಹಾಗೆ. ತಲೆ ಮೇಲೆ ಗೆರೆ, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಅದು ಹಳೇ ನುಡಿ. ಹೊಸ ನುಡಿಯಲ್ಲಿ ಎರಡೂ ಥರ ಟೈಪ್ ಮಾಡಬಹುದು. ಆದರೆ ನಮ್ಮ ಕಡೆ ಅಂಗಡಿಗಳಲ್ಲಿ ಕೈ ಪಳಗಿರೋದು ಹಳೇದಕ್ಕೇ.

ಹಳೇ ನುಡಿ ಫೈಲಿನೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿರುತ್ತವೆ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ಕಾಗದಕ್ಕೆ ಪ್ರಿಂಟ್ ಹೊಡೆಯುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಇ-ಬುಕ್ ಅಂದರೆ ಓದುವವರ ಫೋನಿನಲ್ಲಿ ಆ ಫಾಂಟು ಇರಲ್ಲ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ನಿಜ. ಅದರಲ್ಲಿ 'ಕಟೋರಿ' ಅಂತ ಹುಡುಕಿದರೆ ಸಿಗಲ್ಲ. ಫೋನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಕೆಲಸ ಮಾಡಲ್ಲ. ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳುವ ಇ-ಬುಕ್ ಫೈಲು, ಅಂದರೆ ಇಪಬ್, ಮಾಡುವುದಂತೂ ಆಗದ ಮಾತು.

ಕನ್ವರ್ಟ್ ಮಾಡಬಹುದು. ನುಡಿ, ಅದರ ಥರದ್ದೇ ಇನ್ನೊಂದು ಸಾಫ್ಟ್‌ವೇರ್ 'ಬರಹ', ಎರಡರ ಜೊತೆಗೂ ಕನ್ವರ್ಟರ್ ಬರುತ್ತದೆ. ನೆಟ್‌ನಲ್ಲೂ ಉಚಿತವಾಗಿ ಇವೆ. ಆದರೆ ಬಟನ್ ಒತ್ತಿದ ಮೇಲೆ ಕೆಲಸ ಮುಗಿಯಲ್ಲ, ಶುರುವಾಗುತ್ತದೆ. ನಾನು ನೋಡುವ ಜಾಗಗಳು ಇವು:

ಅರ್ಕಾವತ್ತು. ಹಳೇ ನುಡಿಯಲ್ಲಿ ಅದು ಅಕ್ಷರದ ಹಿಂದೆ ಬಂದು ಕೂರುತ್ತದೆ, ಯೂನಿಕೋಡ್‌ನಲ್ಲಿ ಮುಂದೆ ಬರಬೇಕು. ಬಹಳಷ್ಟು ಸಲ ಕನ್ವರ್ಟರ್ ಸರಿ ಮಾಡುತ್ತದೆ, ಕೆಲವು ಸಲ ಎಡವುತ್ತದೆ. ನಿಮ್ಮಲ್ಲಿ 'ಮಾರ್ಕ್' ಅನ್ನೋದು ಪುಟಕ್ಕೆ ಹತ್ತು ಸಲ ಬರುತ್ತೆ ಅಲ್ವಾ? ಒಂದೊಂದನ್ನೂ ನೋಡಿ.

ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿರುತ್ತಾರೆ. ಕಣ್ಣಿಗೆ ಒಂದೇ ಥರ ಕಾಣುತ್ತದೆ. ಹುಡುಕುವಾಗ ಮಾತ್ರ 'ಕಟಿಂಗ್' ಸಿಗದೇ ಹೋಗುತ್ತದೆ.

ಇಂಗ್ಲಿಷ್ ಪದಗಳು. ಮಧ್ಯೆ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿದ ಪದ ಇದ್ದರೆ ಕನ್ವರ್ಟರ್ ಅದನ್ನೂ ಕನ್ನಡ ಅಂದುಕೊಂಡು ಏನೇನೋ ಮಾಡಿಡುತ್ತದೆ.

ಅಂಕಿಗಳು. ನಿಮ್ಮ ಪುಸ್ತಕದಲ್ಲಿ ಅಳತೆ ತಪ್ಪಿದರೆ ಬಟ್ಟೆಯೇ ಹಾಳು. ಮುಕ್ಕಾಲು, ಕಾಲು ಇಂಚಿನ ಗುರುತುಗಳನ್ನು ಮೂಲ ಪ್ರತಿ ಪಕ್ಕದಲ್ಲಿಟ್ಟುಕೊಂಡು ಒಬ್ಬರು ಓದಿ, ಇನ್ನೊಬ್ಬರು ನೋಡಬೇಕು. ಇದನ್ನು ಕಂಪ್ಯೂಟರ್‌ಗೆ ಬಿಡಬೇಡಿ.

ಫಾಂಟು ಅಂದರೆ ನೋಟೋ ಸೆರಿಫ್ ಕನ್ನಡ ಸಾಕು. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಪುಸ್ತಕದೊಳಗೆ ಸೇರಿಸಿ ಮಾರಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ 'ಬೆಣ್ಣೆ' ಅನ್ನುವ ಕನ್ನಡ ಫಾಂಟೂ ಇದೆ. ದಾವಣಗೆರೆಯವರು ಅದನ್ನು ಬಿಟ್ಟು ಬೇರೆ ಹಾಕಿದರೆ ಹೇಗೆ!

ಹೊಲಿಗೆ ಮನೆ, ದಾವಣಗೆರೆ

ಪೇಸ್ಟ್ ಮಾಡಿದೆ. ಇಂಗ್ಲಿಷ್ ರಾಶಿಯೇ ಬಂತು. 😐

ಏಳು ಸುತ್ತು, ಚಿತ್ರದುರ್ಗ

ಅಕ್ಷರ ಜೋಡಣೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಮಾರಾಟದ ಕಡೆಗೆ ಬರುತ್ತೇನೆ. ಕೋಟೆ ನೋಡಲು ಬರುವವರಿಗೆ ಅಂತ ಒಂದು ಕೈಪಿಡಿಯನ್ನು ಇ-ಬುಕ್ ಆಗಿ ಮಾರುತ್ತಿದ್ದೇನೆ. ನಾನೂ ಒಬ್ಬನೇ.

ಕಿಂಡಲ್ ವಿಷಯ ಮೊದಲು. 2016ರ ಕೊನೆಯಲ್ಲಿ ಕಿಂಡಲ್‌ನವರು ಭಾರತೀಯ ಭಾಷೆಗಳ ಪುಸ್ತಕಕ್ಕೆ ಬಾಗಿಲು ತೆರೆದಾಗ ಐದು ಭಾಷೆ ತಗೊಂಡರು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಅದರಲ್ಲಿ ಇರಲಿಲ್ಲ. ಹಾಗಾಗಿ ಹರಿಹರದ ತಮ್ಮ, ನಿದ್ದೆ ಮಾಡುವ ಮುಂಚೆ ಅವರ ಭಾಷೆಗಳ ಪಟ್ಟಿ ಒಮ್ಮೆ ತೆಗೆದು ನೋಡು. ಪಟ್ಟಿಯಲ್ಲಿಲ್ಲದ ಭಾಷೆಯ ಪುಸ್ತಕವನ್ನು ಬೇರೆ ಭಾಷೆ ಅಂತ ಗುರುತು ಹಾಕಿ ತೂರಿಸುವವರಿದ್ದಾರೆ. ಅದು ಯಾವತ್ತು ಬೇಕಾದರೂ ಕಿತ್ತು ಹೋಗಬಹುದು, ಜೊತೆಗೆ ಅಕೌಂಟೂ ಹೋಗಬಹುದು.

ಇನ್ನು 70%. ಅದು ಬೋರ್ಡಿನ ಮೇಲೆ ಬರೆದ ಮಾತು. ಭಾರತದ ಮಾರಾಟಕ್ಕೆ ಆ 70% ಬೇಕಾದರೆ ಪುಸ್ತಕವನ್ನು ಕಿಂಡಲ್‌ನವರ 'ಕೆಡಿಪಿ ಸೆಲೆಕ್ಟ್' ಯೋಜನೆಗೆ ಸೇರಿಸಬೇಕು. ಸೇರಿಸಿದರೆ 90 ದಿನ ಆ ಇ-ಬುಕ್ಕನ್ನು ಬೇರೆಲ್ಲೂ ಮಾರುವ ಹಾಗಿಲ್ಲ, ನಿಮ್ಮ ಸ್ವಂತ ವಾಟ್ಸ್‌ಆಪ್‌ನಲ್ಲೂ ಇಲ್ಲ. ಸೇರಿಸದಿದ್ದರೆ 35%. ಅದರ ಮೇಲೆ 70%ರ ಲೆಕ್ಕದಲ್ಲಿ ಫೈಲ್ ಎಷ್ಟು ಎಂಬಿ ಇದೆಯೋ ಅಷ್ಟಕ್ಕೆ ಡೆಲಿವರಿ ಖರ್ಚು ಬೇರೆ ಕಳೆಯುತ್ತಾರೆ. ಅರ್ಧ ಪುಸ್ತಕ ಚಿತ್ರವೇ ಇರುವ ನಿಮಗೆ ಇದು ದುಬಾರಿ. ಅಮೆರಿಕದ ಅಂಗಡಿಯಲ್ಲಿ ಮಾರಿದ್ದಕ್ಕೆ ತೆರಿಗೆ ಫಾರಂ ತುಂಬಬೇಕು. ತುಂಬಿದರೆ ಎರಡು ದೇಶಗಳ ಒಪ್ಪಂದದ ಪ್ರಕಾರ 15% ಹಿಡಿಯುತ್ತಾರೆ, ಇಲ್ಲದಿದ್ದರೆ 30%. ಡಾಲರ್ ಅಂದ ತಕ್ಷಣ ಕುಣಿಯಬಾರದು.

ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡಕ್ಕೆ ಜಾಗ ಇದೆ. ಪಾಲು 70%, ಬೇರೆಲ್ಲೂ ಮಾರಬೇಡಿ ಅನ್ನುವ ಕಟ್ಟು ಇಲ್ಲ. ಇಪಬ್ ಆದರೂ ಸರಿ, ಪಿಡಿಎಫ್ ಆದರೂ ಸರಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಅವರೇ ಜಿಜಿಕೀ ಅಂತ ಒಂದು ಸಂಖ್ಯೆ ಕೊಡುತ್ತಾರೆ. ಕನ್ನಡಕ್ಕೇ ಅಂತ ಇರುವ ಮೈಲ್ಯಾಂಗ್ ಥರದ ಆಪ್‌ಗಳೂ ಇವೆ. ಅಲ್ಲಿಗೆ ಬರುವವರು ಕಥೆ, ಕಾದಂಬರಿ ಓದಲು ಬರುವವರೇ ಜಾಸ್ತಿ.

ಈಗ ನನ್ನ ಅಭಿಪ್ರಾಯ. ಕನ್ನಡದ ಇ-ಬುಕ್ ಅಂಗಡಿಯ ಕಪಾಟಿನಲ್ಲಿ ಕೂತು ತಾನೇ ಮಾರಾಟ ಆಗಲ್ಲ. ಯಾರೂ ರಾತ್ರಿ ಹತ್ತು ಗಂಟೆಗೆ ಪ್ಲೇ ಬುಕ್ಸ್ ತೆರೆದು 'ಬ್ಲೌಸ್ ಕಟಿಂಗ್ ಕನ್ನಡ ಪುಸ್ತಕ' ಅಂತ ಹುಡುಕುತ್ತಾ ಕೂತಿರಲ್ಲ. ಅವರು ನಿಮ್ಮ ಕ್ಲಾಸಿಗೆ ಬಂದ ಅಕ್ಕನಿಂದ ಕೇಳಿ ನಿಮಗೇ ಮೆಸೇಜ್ ಮಾಡುತ್ತಾರೆ. ಹಾಗೆ ಬರುವವರನ್ನು ಕರೆದುಕೊಂಡು ಹೋಗಿ ಪ್ಲಾಟ್‌ಫಾರಂ ಕೈಗೆ ಕೊಟ್ಟು, 30% ಬಿಟ್ಟುಕೊಟ್ಟು, ಕೊಂಡವರು ಯಾರು ಅಂತ ಕೂಡ ತಿಳಿಯದೆ ಕೂರುವುದು ಯಾಕೆ? ಮೊದಲು ನೇರ ಮಾರಾಟ. ಪ್ಲಾಟ್‌ಫಾರಂ ಎರಡನೇದು, ದೂರದವರಿಗೆ ನಂಬಿಕೆ ಬರಲಿ ಅಂತ.

ಲೆಕ್ಕ ನೋಡಿ. ₹149 ಇಟ್ಟಿರಿ ಅನ್ನೋಣ. ಯುಪಿಐನಲ್ಲಿ ನೇರ ತಗೊಂಡರೆ 149 ಕೈಗೆ ಬರುತ್ತದೆ. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗಳಿಂದ ಎಂಡಿಆರ್ (ಪ್ರತಿ ಪಾವತಿಗೆ ಹಿಡಿಯುವ ಶುಲ್ಕ) ತೆಗೆದುಕೊಳ್ಳುವ ಹಾಗಿಲ್ಲ. ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್‌ನಲ್ಲಿ ದುಡ್ಡು ವಸೂಲಿ ಮಾಡಿಕೊಡುವ ಸೇವೆ, ಇಟ್ಟರೆ ಅವರ ಮಾಮೂಲಿ 2%, ಆ 2%ರ ಮೇಲೆ 18% ಜಿಎಸ್‌ಟಿ. ಅಲ್ಲಿಗೆ ಮೂರೂವರೆ ರೂಪಾಯಿ ಹೋಗಿ 145 ಚಿಲ್ಲರೆ ಉಳಿಯುತ್ತದೆ. 70% ಕೊಡುವ ಕಡೆ ತೆರಿಗೆ ಬಿಟ್ಟು ಲೆಕ್ಕ ಹಾಕಿದರೂ 104. 35% ಕಡೆ 52.

ಗೇಟ್‌ವೇಗೆ ಮೂರು ರೂಪಾಯಿ ದಂಡ ಅನ್ನಬೇಡಿ. ದುಡ್ಡು ಬಂದ ತಕ್ಷಣ ಫೈಲು ತಾನೇ ಹೋಗುವ ಹಾಗೆ ಜೋಡಿಸಬಹುದು. ಇಲ್ಲದಿದ್ದರೆ ಬೆಳಗಿನ ಜಾವ 'ಅಕ್ಕ ದುಡ್ಡು ಹಾಕಿದೀನಿ, ಪುಸ್ತಕ ಬಂದಿಲ್ಲ' ಅಂತ ಮೆಸೇಜ್. ಸ್ಕ್ರೀನ್‌ಶಾಟ್ ನೋಡಿ ನಂಬುವ ಹಾಗೂ ಇಲ್ಲ, ಹಳೇ ಸ್ಕ್ರೀನ್‌ಶಾಟ್ ಕಳಿಸುವವರು ಇದ್ದೇ ಇರುತ್ತಾರೆ. ಬ್ಯಾಂಕಿನ ಮೆಸೇಜ್ ಬಂದ ಮೇಲೆ ಮಾತ್ರ ಫೈಲು.

ಚನ್ನಗಿರಿ ಮೇಷ್ಟ್ರು

ಎಲ್ಲಾ ಓದಿದೆ. ನನಗೆ ಈ ಫೋನ್ ಪುಸ್ತಕ ಅಂದರೇ ಅಷ್ಟಕ್ಕಷ್ಟೆ. ಪುಸ್ತಕ ಅಂದರೆ ಕೈಯಲ್ಲಿ ಹಿಡಿಯಬೇಕು, ಕುವೆಂಪು ಕನ್ನಡ ಭವನದಲ್ಲಿ ನಾಲ್ಕು ಜನರ ಮುಂದೆ ಬಿಡುಗಡೆ ಆಗಬೇಕು. ಗ್ರಂಥಾಲಯ ಇಲಾಖೆ ಖರೀದಿ, ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹ, ಇವೆಲ್ಲ ಅಚ್ಚಾದ ಪುಸ್ತಕಕ್ಕೇ ತಾನೆ?

ಏಳು ಸುತ್ತು, ಚಿತ್ರದುರ್ಗ

ಮೇಷ್ಟ್ರೇ, ಕವನ ಸಂಕಲನಕ್ಕೆ ನಿಮ್ಮ ಮಾತು ಒಪ್ಪುತ್ತೇನೆ. ಇಲಾಖೆ ಖರೀದಿಯ ದುಡ್ಡು ಯಾವಾಗ ಕೈಗೆ ಬರುತ್ತೆ ಅಂತ ನಿಮಗೇ ಗೊತ್ತು, ಅದನ್ನು ನಂಬಿ ಅಡುಗೆ ಮನೆ ನಡೆಸೋಕಾಗಲ್ಲ. ಅಕ್ಕನ ಪುಸ್ತಕ ಬಿಡುಗಡೆ ಸಮಾರಂಭದಲ್ಲಿ ಓದುವಂಥದ್ದಲ್ಲ. ಕತ್ತರಿ ಕೈಯಲ್ಲಿರುವಾಗ ಪಕ್ಕದಲ್ಲಿ ಫೋನು ನಿಲ್ಲಿಸಿಕೊಂಡು ನೋಡುವಂಥದ್ದು. ನನ್ನದೂ ಅದೇ ಜಾತಿ. ಏಕನಾಥಮ್ಮನ ಗುಡಿ ಮುಂದೆ ನಿಂತವರಿಗೆ ಮುಂದೆ ಯಾವ ದಾರಿ ಅಂತ ಗೊತ್ತಾಗಬೇಕು. ಓಬವ್ವನ ಕಿಂಡಿ ಎಲ್ಲಿ, ಅಕ್ಕ ತಂಗಿ ಹೊಂಡ ಎಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ತುಪ್ಪದ ಕೊಳದ ಬಂಡೆ ಹತ್ತಬೇಕಾ ಬೇಡವಾ. ಅಲ್ಲಿ ದಪ್ಪ ಪುಸ್ತಕ ಯಾರು ಹೊತ್ತುಕೊಂಡು ಹೋಗುತ್ತಾರೆ?

ಕಥೆಗಾರ, ದಾವಣಗೆರೆ

ನನ್ನದು ಕಾದಂಬರಿ. ನನ್ನ ಅನುಭವ ಬೇರೆ, ಹೇಳಿಬಿಡುತ್ತೇನೆ.

ಒಬ್ಬ ಪ್ರಕಾಶಕರು 'ಪ್ಯಾಕೇಜ್' ಅಂತ ದುಡ್ಡು ಕಟ್ಟಿಸಿಕೊಂಡರು. ಮುಖಪುಟ, ಐಎಸ್‌ಬಿಎನ್, ಎಲ್ಲಾ ಅಂಗಡಿಗಳಿಗೂ ಹಾಕಿಕೊಡುವುದು, ಪ್ರಚಾರ. ಹೆಸರು ಹೇಳಲ್ಲ. ಪುಸ್ತಕ ಅಂಗಡಿಗಳಲ್ಲಿ ಕಾಣುತ್ತದೆ. ಎಷ್ಟು ಮಾರಾಟ ಆಯಿತು ಅಂತ ಕೇಳಿದರೆ ಮೇಲ್‌ಗೆ ಉತ್ತರವೇ ಇಲ್ಲ. ಅಕೌಂಟು ಅವರದ್ದು, ರಿಪೋರ್ಟು ಅವರಿಗೆ ಮಾತ್ರ ಕಾಣುವುದು. ತೆಗೆಯಿರಿ ಅಂದರೆ ಕರಾರು ತೋರಿಸುತ್ತಾರೆ. ಇ-ಬುಕ್ ಹಕ್ಕು ಕೆಲವು ವರ್ಷ ಅವರಿಗೇ ಅಂತ ಅದರಲ್ಲಿದೆ.

ಐಎಸ್‌ಬಿಎನ್‌ಗೆ ಅಂತ ಬೇರೆ ದುಡ್ಡು ಹಿಡಿದರು, ಅದು ಇನ್ನೂ ಉರಿ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಅರ್ಜಿ ಆನ್‌ಲೈನ್, ಲೇಖಕರು ತಾವೇ ಹಾಕಬಹುದು. ಅಚ್ಚಿಗೆ ಒಂದು, ಇಪಬ್‌ಗೆ ಇನ್ನೊಂದು, ಹೀಗೆ ಒಂದೊಂದು ರೂಪಕ್ಕೂ ಬೇರೆ ಸಂಖ್ಯೆ.

ಅಕ್ಕ, ಯಾವ ಅಂಗಡಿಗೆ ಹಾಕಿದರೂ ಅಕೌಂಟು ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ. ಮೂಲ ಫೈಲು ನಿಮ್ಮ ಹತ್ತಿರ ಇರಲಿ. ಮುಖಪುಟ ಮಾಡಿದವರಿಂದಲೂ ತೆರೆದು ತಿದ್ದುವಂಥ ಫೈಲು ಇಸ್ಕೊಳ್ಳಿ.

ಈಗ ನಾನು 'ಪ್ರತಿಲಿಪಿ' ಆಪ್‌ನಲ್ಲಿ ಕಂತು ಕಂತಾಗಿ ಬರೆಯುತ್ತೇನೆ. ಓದುವವರಿದ್ದಾರೆ, ಜಗಳ ಆಡುವವರೂ ಇದ್ದಾರೆ, ನಾಯಕಿಯನ್ನು ಸಾಯಿಸಬೇಡಿ ಅಂತ ಬೇಡಿಕೊಳ್ಳುವವರಿದ್ದಾರೆ. ಹೊಟ್ಟೆ ತುಂಬುವಷ್ಟು ದುಡ್ಡಂತೂ ಇಲ್ಲ. ಕಾದಂಬರಿ ಬರೆಯುವವರು ಇದನ್ನು ವ್ಯಾಪಾರ ಅಂತ ಹೊರಟರೆ ನಿರಾಸೆ ಆಗುತ್ತದೆ. ನೇರ ಮಾರಾಟದ ಮಂತ್ರ ಕೈಪಿಡಿಗಳಿಗೆ ನಡೆಯುತ್ತದೆ. ಹೆಸರಿಲ್ಲದವನ ಕಾದಂಬರಿಗೆ ಯಾರು ಯುಪಿಐ ಮಾಡುತ್ತಾರೆ, ಏಳು ಸುತ್ತು ಸರ್?

ಏಳು ಸುತ್ತು, ಚಿತ್ರದುರ್ಗ

ಸರಿಯಾದ ಮಾತು. ನನ್ನ ಹತ್ತಿರ ಅದಕ್ಕೆ ಉತ್ತರ ಇಲ್ಲ. ಕಾದಂಬರಿಗೆ ಓದುಗರು ಇರುವ ಕಡೆಗೆ ನೀವೇ ಹೋಗಬೇಕು. ಕಂತು ಮುಗಿದ ಮೇಲೆ ಇಡೀ ಪುಸ್ತಕವನ್ನು ಇಪಬ್ ಮಾಡಿ ಆ ಓದುಗರಿಗೇ ಕೇಳಿ ನೋಡಬಹುದು. ಅದಕ್ಕೂ ಮುಂಚೆ ಅಲ್ಲಿನ ಷರತ್ತು ಓದಿಕೊಳ್ಳಿ.

ಲೆಕ್ಕದ ಪುಸ್ತಕ, ಹರಿಹರ

ಜಿಎಸ್‌ಟಿ ಬಗ್ಗೆ ಯಾರೂ ಮುಟ್ಟಲಿಲ್ಲ. ನಾನು ಅಕೌಂಟ್ಸ್ ಕೆಲಸದವನು.

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ಇ-ಬುಕ್ ಹಾಗಲ್ಲ, ಅದನ್ನು ಸೇವೆ ಅಂತ ಹಿಡಿಯುತ್ತಾರೆ. 2018ರ ಜುಲೈನಲ್ಲಿ ಇ-ಬುಕ್ ದರವನ್ನು 18ರಿಂದ 5%ಗೆ ಇಳಿಸಿದರು. ಆದರೆ ಅಲ್ಲೊಂದು ಕೊಕ್ಕೆ ಇದೆ. ಅಚ್ಚಾದ ಪುಸ್ತಕದ ವಿದ್ಯುನ್ಮಾನ ರೂಪ ಆಗಿದ್ದರೆ ಮಾತ್ರ ಆ 5%. ಅಚ್ಚೇ ಆಗದೆ ನೇರ ಪಿಡಿಎಫ್ ಆಗಿ ಬಂದದ್ದು ಆ ರಿಯಾಯಿತಿಗೆ ಸೇರಲ್ಲ.

ಹೆದರಬೇಡಿ. ಸೇವೆಗಳಿಗೆ ವರ್ಷಕ್ಕೆ ₹20 ಲಕ್ಷ ವಹಿವಾಟಿನ ತನಕ ನೋಂದಣಿಯೇ ಬೇಕಿಲ್ಲ, ಬೇರೆ ರಾಜ್ಯದವರಿಗೆ ಮಾರಿದರೂ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿ ಚಂದಕ್ಕೆ ಅಂತ ಅದನ್ನು ಬರೆಯಬೇಡಿ. ಕ್ಲಾಸಿನ ಫೀಸು, ಹೊಲಿಗೆ ದುಡ್ಡು, ಪುಸ್ತಕ ಮೂರೂ ಸೇರಿಸಿ 20 ಲಕ್ಷದ ಲೆಕ್ಕ ನೋಡಬೇಕು ಅನ್ನೋದು ನೆನಪಿರಲಿ. ಒಂದೇ ಪ್ಯಾನ್, ಒಂದೇ ಲೆಕ್ಕ.

ಆದಾಯ ತೆರಿಗೆ ಇನ್ನೊಂದು. ಲೇಖಕರ ರಾಯಲ್ಟಿಗೆ ₹3 ಲಕ್ಷದ ತನಕ ವಿನಾಯಿತಿ ಇದೆಯಂತೆ ಅಂತ ಯಾರಾದರೂ ಹೇಳುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಕ್ಯೂಕ್ಯೂಬಿ ಅಂತ ಇದ್ದ ಕಲಂ ಅದು. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಗೈಡು, ಶಾಲಾ ಪಠ್ಯಪುಸ್ತಕ, ಡೈರಿ, ಪತ್ರಿಕೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನೀವೇ ನೇರ ಮಾರಿದರೆ ಅದು ರಾಯಲ್ಟಿಯೂ ಅಲ್ಲ, ವ್ಯಾಪಾರದ ಆದಾಯ. ಪುಸ್ತಕದ ದುಡ್ಡಿಗೆ ಒಂದು ಬೇರೆ ಬ್ಯಾಂಕ್ ಖಾತೆ ಇಟ್ಟುಬಿಡಿ. ಮಾರ್ಚ್‌ನಲ್ಲಿ ನಿಮಗೂ ಸುಖ, ನಿಮ್ಮ ಆಡಿಟರ್‌ಗೂ ಸುಖ.

ಹೊಲಿಗೆ ಮನೆ, ದಾವಣಗೆರೆ

20 ಲಕ್ಷ! ಅಷ್ಟು ಬಂದರೆ ಸಂತೋಷವಾಗಿ ಕಟ್ಟುತ್ತೇನೆ ಸರ್.

ರೇಟ್ ಬಗ್ಗೆ ಹೇಳಿ. ಪುಟ ಜಾಸ್ತಿ ಇಲ್ಲ. 149 ಜಾಸ್ತಿ ಆಗಲ್ವಾ? ₹49 ಇಟ್ಟರೆ ಜಾಸ್ತಿ ಜನ ತಗೋತಾರೆ ಅಂತ ನಮ್ಮನೆಯವರು ಹೇಳುತ್ತಾರೆ.

ಏಳು ಸುತ್ತು, ಚಿತ್ರದುರ್ಗ

ಪುಟ ಎಣಿಸಿ ಇ-ಬುಕ್ಕಿಗೆ ರೇಟ್ ಕಟ್ಟೋದು ಮಂಡಕ್ಕಿ ಅಳೆಯೋ ಸೇರಿನಲ್ಲಿ ಬಂಗಾರ ಅಳೆದ ಹಾಗೆ. ಒಂದು ಕಟೋರಿ ಬ್ಲೌಸ್ ಹೊಲಿಸಲು ನೀವು ಎಷ್ಟು ತಗೋತೀರಿ? ನಿಮ್ಮ ಪುಸ್ತಕ ನೋಡಿ ಒಬ್ಬರು ಒಂದು ಬ್ಲೌಸ್ ಸರಿಯಾಗಿ ಹೊಲಿದುಕೊಂಡರೆ ಪುಸ್ತಕದ ದುಡ್ಡು ಬಂತು. ಅದೇ ನಿಮ್ಮ ರೇಟಿನ ಲೆಕ್ಕ.

49ಕ್ಕೆ ಇಟ್ಟರೂ ಮೆಸೇಜ್‌ಗೆ ಉತ್ತರ ಕೊಡುವ ಕೆಲಸ ಅಷ್ಟೇ ಇರುತ್ತದೆ. 49 ಕೊಟ್ಟವರೂ 149 ಕೊಟ್ಟವರೂ ಕೇಳುವುದು ಒಂದೇ ಪ್ರಶ್ನೆ, ತೆರೆಯಲು ಬರುತ್ತಿಲ್ಲ ಅಂತ ಹೇಳುವುದೂ ಒಂದೇ ಥರ. ಒಬ್ಬರೇ ಮಾಡುವ ವ್ಯಾಪಾರದಲ್ಲಿ ಕಮ್ಮಿ ಬೀಳುವುದು ನಿಮ್ಮ ಸಮಯ. 49ರ ಮೂರು ಗಿರಾಕಿಗಿಂತ 149ರ ಒಬ್ಬರು ವಾಸಿ. ಬೇಕಾದರೆ ಅಳತೆ ತೆಗೆಯುವ ಅಧ್ಯಾಯ ಒಂದನ್ನು ಸುಮ್ನೆ ಉಚಿತವಾಗಿ ಹಂಚಿ. ಅದು ಫಾರ್ವರ್ಡ್ ಆದಷ್ಟೂ ನಿಮಗೇ ಲಾಭ. ಕೊನೇ ಪುಟದಲ್ಲಿ ನಿಮ್ಮ ನಂಬರ್ ಇರಲಿ.

ಡೋರ್ ನಂಬರ್ ಇಲ್ಲ, ಚಳ್ಳಕೆರೆ

ಪೈರಸಿ ಬಗ್ಗೆ ಯಾರೂ ಮಾತಾಡ್ತಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ನೋಟ್ಸ್ ಮಾಡಿ ಮಾರುತ್ತಿದ್ದೆ. ಬೆಳಗ್ಗೆ ಮಾರಿದ್ದು ಸಂಜೆಗೆ ಟೆಲಿಗ್ರಾಂ ಗುಂಪಿನಲ್ಲಿ. ಹಾಕಿದವರಿಗೆ 'ಗುರುಗಳೇ ಧನ್ಯವಾದ' ಅಂತ ಹೂವು ಬೇರೆ. ಬರೆದವನಿಗೆ ಏನೂ ಇಲ್ಲ. ಅದಕ್ಕೇ ಬಿಟ್ಟೆ.

ಅಕ್ಷರ ಜೋಡಣೆ, ಚಿತ್ರದುರ್ಗ

ಬೇಸರದ ವಿಷಯ ಅಣ್ಣ. ಪರೀಕ್ಷೆ ನೋಟ್ಸ್‌ಗೆ ಇದು ಎಲ್ಲಕ್ಕಿಂತ ಜಾಸ್ತಿ. ಕೊಳ್ಳುವವರೆಲ್ಲ ಒಂದೇ ಗುಂಪಿನಲ್ಲಿ ಇರುತ್ತಾರೆ ಅಲ್ವಾ.

ಬೀಗ ಹಾಕುವುದರಲ್ಲಿ ನನಗೆ ನಂಬಿಕೆ ಇಲ್ಲ. ಪಾಸ್‌ವರ್ಡ್ ಹಾಕಿದರೆ ಪಾಸ್‌ವರ್ಡೂ ಜೊತೆಗೇ ಫಾರ್ವರ್ಡ್ ಆಗುತ್ತದೆ. ದುಡ್ಡು ಕೊಟ್ಟವರಿಗೆ ತೊಂದರೆ, ಕದ್ದವರಿಗೆ ಇಲ್ಲ. ಕೆಲಸಕ್ಕೆ ಬರುವುದು ಪ್ರತಿ ಪುಟದ ಕೆಳಗೆ ಕೊಂಡವರ ಹೆಸರು, ಫೋನಿನ ಕೊನೇ ನಾಲ್ಕು ಅಂಕಿ ಹಾಕಿ ಕೊಡುವುದು. ಪೂರ್ತಿ ನಂಬರ್ ಹಾಕಬೇಡಿ, ಅದು ಇನ್ನೊಬ್ಬರ ಕೈಗೆ ಸಿಗಬಾರದು. ತನ್ನ ಹೆಸರಿರುವ ಫೈಲನ್ನು ಗುಂಪಿಗೆ ಹಾಕಲು ಯಾರಾದರೂ ಒಂದು ಕ್ಷಣ ಯೋಚಿಸುತ್ತಾರೆ.

ಲೆಕ್ಕದ ಪುಸ್ತಕ, ಹರಿಹರ

ಕಾನೂನು ಸತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಗೊತ್ತಿದ್ದೂ ನಕಲು ಹಂಚಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, ₹50 ಸಾವಿರದಿಂದ ₹2 ಲಕ್ಷ ದಂಡ. ನಿಮ್ಮ ಪುಸ್ತಕ ಒಂದು ಆಪ್‌ನಲ್ಲೋ ಸೈಟ್‌ನಲ್ಲೋ ಕಂಡರೆ ಲಿಖಿತ ದೂರು ಕೊಡಬಹುದು. 2013ರ ನಿಯಮಗಳ ಪ್ರಕಾರ ಅವರು 36 ಗಂಟೆಯೊಳಗೆ ಕ್ರಮ ತಗೋಬೇಕು. 21 ದಿನದೊಳಗೆ ನೀವು ಕೋರ್ಟ್ ಆದೇಶ ತಂದುಕೊಡದಿದ್ದರೆ ಮತ್ತೆ ತೆರೆಯಬಹುದು, ಅದೂ ಇದೆ.

ಚಳ್ಳಕೆರೆ ಅಣ್ಣನ ಥರದ್ದೇ ಒಂದು ಕೇಸು ದೆಹಲಿ ಹೈಕೋರ್ಟಿಗೆ ಹೋಗಿತ್ತು. ಕೋಚಿಂಗ್ ನಡೆಸುವ ಶಿಕ್ಷಕಿಯೊಬ್ಬರ ಪುಸ್ತಕ, ಪಾಠಗಳನ್ನು ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹಂಚುತ್ತಿದ್ದರು. 2022ರ ಆಗಸ್ಟ್‌ನಲ್ಲಿ ಕೋರ್ಟು ಆ ಚಾನೆಲ್ ನಡೆಸುವವರ ವಿವರ ಕೊಡಿ ಅಂತ ಟೆಲಿಗ್ರಾಂಗೆ ಆದೇಶ ಮಾಡಿತು. ನಾವು ₹149ಕ್ಕೆ ದೆಹಲಿ ತನಕ ಹೋಗಲ್ಲ. ಗುಂಪಿನ ಅಡ್ಮಿನ್‌ಗೆ ಈ ಎರಡು ಸಾಲು ಬರೆದು ಕಳಿಸಿದರೆ ಮಾತ್ರ ಬಹಳಷ್ಟು ಸಲ ಫೈಲು ಮಾಯ ಆಗುತ್ತದೆ.

ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಮಾಡಿಸಿದರೆ ಸಾಹಿತ್ಯ ಕೃತಿಗೆ ಶುಲ್ಕ ₹500. ಒಂದು ಎಚ್ಚರ ಅಕ್ಕ. ಕಟೋರಿ ಕತ್ತರಿಸುವ ವಿಧಾನ ಯಾರ ಸ್ವತ್ತೂ ಅಲ್ಲ. ನೀವು ಬರೆದ ವಾಕ್ಯ, ಹಾಕಿದ ಚಿತ್ರ ನಿಮ್ಮದು. ಇನ್ನೊಬ್ಬರು ಅದೇ ವಿಧಾನವನ್ನು ತಮ್ಮ ಮಾತಲ್ಲಿ, ತಮ್ಮ ಚಿತ್ರದಲ್ಲಿ ಬರೆದರೆ ತಡೆಯೋಕಾಗಲ್ಲ. ಹಾಗೇ ನೆಟ್‌ನಿಂದ ಎತ್ತಿದ ಚಿತ್ರ ನಿಮ್ಮ ಪುಸ್ತಕದಲ್ಲಿದ್ದರೆ ಈಗಲೇ ತೆಗೆದುಬಿಡಿ.

ಹೊಲಿಗೆ ಮನೆ, ದಾವಣಗೆರೆ

ಚಿತ್ರ ಎಲ್ಲಾ ನಾನೇ ಬಿಡಿಸಿದ್ದು, ನನ್ನ ಸ್ಕೇಲು, ನನ್ನ ಪೆನ್ಸಿಲ್ಲು.

ಇಪಬ್, ಪಿಡಿಎಫ್ ಎರಡರಲ್ಲಿ ನನಗೆ ಯಾವುದು? ನಮ್ಮ ಕ್ಲಾಸಿನವರಿಗೆ ಇಪಬ್ ಅಂದರೆ ಏನು ಅಂತಲೇ ಗೊತ್ತಿಲ್ಲ.

ಅಕ್ಷರ ಜೋಡಣೆ, ಚಿತ್ರದುರ್ಗ

ಕಾದಂಬರಿಗೆ ಇಪಬ್. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಗೂಗಲ್ ಡಾಕ್ಸ್, ಲಿಬ್ರೆ ಆಫೀಸ್ ಎರಡರಿಂದಲೂ ನೇರ ಇಪಬ್ ತೆಗೆಯಬಹುದು. ತಿದ್ದಲು ಸಿಗಿಲ್, ಕ್ಯಾಲಿಬರ್ ಇವೆ, ಎರಡೂ ಉಚಿತ.

ನಿಮ್ಮದಕ್ಕೆ ಪಿಡಿಎಫ್. ಚಿತ್ರ, ಅದರ ಬಾಣದ ಗುರುತು, ಪಕ್ಕದ ಅಳತೆ ಅಲ್ಲಲ್ಲೇ ಇರಬೇಕು. ಆದರೆ ಎ4 ಪಿಡಿಎಫ್ ಮಾಡಬೇಡಿ. ಅದು ಫೋನಿನಲ್ಲಿ ಇರುವೆ ಸಾಲು. ಹಿಗ್ಗಿಸಿ, ಜರುಗಿಸಿ ಓದುವಷ್ಟರಲ್ಲಿ ಕೈಯಲ್ಲಿದ್ದ ಚಾಕ್ ಪೀಸ್ ಎಲ್ಲೋ ಬಿದ್ದಿರುತ್ತದೆ. ಪುಟವನ್ನು ಎ6 ಮಾಡಿ, 105 ಮಿಮೀ ಅಗಲ, 148 ಮಿಮೀ ಎತ್ತರ. ಅಕ್ಷರ 13, 14 ಪಾಯಿಂಟ್. ಒಂದು ಪುಟಕ್ಕೆ ಒಂದೇ ಚಿತ್ರ, ಕೆಳಗೆ ನಾಲ್ಕು ಸಾಲು.

ಪೇಪರ್ ಕಟಿಂಗ್ ಮಾದರಿಗಳನ್ನು ಬೇರೆ ಫೈಲ್ ಮಾಡಿ. ಅದು ಎ4, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಳ್ಳಲು. ಅಲ್ಲೊಂದು ಅಪಾಯ ಇದೆ. ಪ್ರಿಂಟ್ ಮಾಡುವವರು 'ಫಿಟ್ ಟು ಪೇಜ್' ಇಟ್ಟರೆ ಮಾದರಿ ಸ್ವಲ್ಪ ಕುಗ್ಗಿಬಿಡುತ್ತದೆ. ಎದೆ ಅಳತೆಯಲ್ಲಿ ಅಷ್ಟು ಹೋದರೆ ಹುಕ್ಕು ಹಾಕೋಕಾಗಲ್ಲ, ಬೈಗುಳ ನಿಮಗೆ. ಅದಕ್ಕೆ ಪ್ರತಿ ಹಾಳೆಯ ಮೂಲೆಯಲ್ಲಿ 5 ಸೆಂಮೀ ಚೌಕ ಬರೆದು, 'ಪ್ರಿಂಟ್ ಆದ ಮೇಲೆ ಟೇಪ್ ಇಟ್ಟು ಇದನ್ನು ಅಳೆಯಿರಿ, 5 ಸೆಂಮೀ ಬರದಿದ್ದರೆ ಕತ್ತರಿ ಮುಟ್ಟಬೇಡಿ' ಅಂತ ಹಾಕಿ.

ಕೊಂಡಜ್ಜಿ ರೋಡ್

ಅಕ್ಕ, ನಾನು ವಾಟ್ಸ್‌ಆಪ್‌ನಲ್ಲೇ ಸೀರೆ ಕುಚ್ಚು ವ್ಯಾಪಾರ ಮಾಡೋಳು. ಎರಡು ಮಾತು. ವಾಟ್ಸ್‌ಆಪ್ ಬಿಸಿನೆಸ್ ಆಪ್ ಹಾಕ್ಕೊಳ್ಳಿ, ಉಚಿತ. ಪುಸ್ತಕವನ್ನು ಕೆಟಲಾಗ್‌ನಲ್ಲಿ ಹಾಕಬಹುದು. ಪದೇ ಪದೇ ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಡಬಹುದು. ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರ ತನಕ ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತೆ. ಪುಸ್ತಕ ಕಳಿಸುವಾಗಲೇ 'ತಿದ್ದುಪಡಿ ಬಂದಾಗ ಕಳಿಸ್ತೀನಿ, ನಂಬರ್ ಸೇವ್ ಮಾಡ್ಕೊಳ್ಳಿ' ಅಂತ ಹೇಳಿ.

ನಮ್ಮೂರ ದುಗ್ಗಮ್ಮನ ಜಾತ್ರೆ ನಡೆಯೋ ವರ್ಷ ಬ್ಲೌಸ್ ಹೊಲಿಯೋರು ಯಾರೂ ಕೈಗೆ ಸಿಗಲ್ಲ. ಪುಸ್ತಕ ಬಿಡೋದಾದರೆ ಜಾತ್ರೆಗೆ ಒಂದೆರಡು ತಿಂಗಳು ಮುಂಚೆ ಬಿಡಿ. ಟೇಲರ್ ಸಿಗದೆ ಬೇಜಾರಾದವರೇ ನಿಮ್ಮ ಗಿರಾಕಿ.

ಚನ್ನಗಿರಿ ಮೇಷ್ಟ್ರು

ಜಾತ್ರೆಯ ಉಪಾಯ ಚೆನ್ನಾಗಿದೆ ತಾಯಿ. ನಮ್ಮ ಸಾಹಿತಿಗಳಿಗೆ ಇಂಥದ್ದು ಹೊಳೆಯಲ್ಲ. ಆದರೂ ಹೊಲಿಗೆ ಮನೆಯವರೇ, ನಾಲ್ಕು ಪ್ರತಿ ಅಚ್ಚು ಹಾಕಿಸಿ ನನಗೊಂದು ಕೊಡಿ. ಮನೆಯಾಕೆಗೆ ಫೋನ್ ಕಣ್ಣಿಗೆ ಆಗಲ್ಲ.

ಲೆಕ್ಕದ ಪುಸ್ತಕ, ಹರಿಹರ

ಮೇಷ್ಟ್ರು ತಮಾಷೆಗೆ ಹೇಳಿದ್ದಲ್ಲ ಅಂದುಕೊಳ್ಳುತ್ತೇನೆ. ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಕೊಡುವವರು ಈಗ ಇದ್ದಾರೆ. ಬೆಂಗಳೂರಿನ ಪೋತಿ ಡಾಟ್ ಕಾಮ್ ಥರದವರು ಆರ್ಡರ್ ಬಂದ ಮೇಲೆ ಒಂದೊಂದೇ ಪ್ರತಿ ಮಾಡುತ್ತಾರೆ. ಪ್ರತಿಯ ಬೆಲೆ ಜಾಸ್ತಿ ಬೀಳುತ್ತದೆ, ಆದರೆ ಮಂಚದ ಕೆಳಗೆ ಏನೂ ಇಡಬೇಕಿಲ್ಲ. ಅಚ್ಚಿನ ರೂಪ ಇದ್ದರೆ ನಾನು ಮೇಲೆ ಹೇಳಿದ 5%ರ ಪ್ರಶ್ನೆಯೂ ಹಗುರ ಆಗುತ್ತದೆ, ಮುಂದೆ ಯಾವತ್ತಾದರೂ ನೋಂದಣಿ ಬೇಕಾದಾಗ.

ಹೊಲಿಗೆ ಮನೆ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಹೀಗೆ ಮಾಡುತ್ತೇನೆ. ಮೊದಲು ಯೂನಿಕೋಡ್. ಅಳತೆಗಳನ್ನು ನಾನೂ ನನ್ನ ಮಗಳೂ ಕೂತು ಓದಿ ನೋಡುತ್ತೇವೆ. ಫೋನಿಗೆ ಎ6, ಪ್ರಿಂಟಿಗೆ ಎ4. ನೇರ ಮಾರಾಟ ₹149. ಗೂಗಲ್ ಪ್ಲೇ ಆಮೇಲೆ. ಚಳ್ಳಕೆರೆ ಅಣ್ಣ, ಹೆಸರು ಹಾಕಿ ಕೊಡುವುದನ್ನು ನೀವೂ ಒಂದು ಸಲ ಮಾಡಿ ನೋಡಿ, ಬಿಟ್ಟುಬಿಡಬೇಡಿ.

ಅಕ್ಷರ ಜೋಡಣೆ ಸರ್, ಕನ್ವರ್ಟ್ ಮಾಡಿದ ಒಂದು ಅಧ್ಯಾಯ ಕಳಿಸಿದರೆ ನೋಡಿಕೊಡುತ್ತೀರಾ? ನಿಮ್ಮ ಚಾರ್ಜ್ ಹೇಳಿ.

ಅಕ್ಷರ ಜೋಡಣೆ, ಚಿತ್ರದುರ್ಗ

ಒಂದು ಅಧ್ಯಾಯಕ್ಕೆ ಏನು ಚಾರ್ಜು, ಕಳಿಸಿ. ಪೂರ್ತಿ ಪುಸ್ತಕ ಆದರೆ ಪುಟದ ಲೆಕ್ಕದಲ್ಲಿ ಮಾತಾಡೋಣ. ವರ್ಡ್ ಫೈಲು ಕಳಿಸಿ, ಪಿಡಿಎಫ್ ಬೇಡ. ಚಿತ್ರಗಳನ್ನು ಫೋನಿನಲ್ಲಿ ಫೋಟೋ ಹೊಡೆದು ವಾಟ್ಸ್‌ಆಪ್‌ನಲ್ಲಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಅಂಗಡಿಯಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ. ಪೆನ್ಸಿಲ್ ಗೆರೆ ತೆಳುವಾಗಿದ್ದರೆ ಸ್ಕ್ಯಾನ್‌ಗೆ ಮುಂಚೆ ಕಪ್ಪು ಪೆನ್ನಿನಲ್ಲಿ ತಿದ್ದಿಕೊಳ್ಳಿ.